ಒಂದು ಕಾಳೂ ಬೀಳಿಸದ ಯಂತ್ರ

ಅಗೋ, ಆ ಬಯಲಲ್ಲಿ ನಿಂತಿದೆಯಲ್ಲ ಹಳೇ ಕೊಯ್ಲಿನ ಯಂತ್ರ, ಅದರ ಜೊತೆ ಪಂದ್ಯ ಕಟ್ಟಿ ಗೆದ್ದವನು ನಾನು. ಅದು ಒಂದು ಗದ್ದೆ ಮುಗಿಸೋ ಹೊತ್ತಿಗೆ ನಾನು ಬರೀ ಕುಡುಗೋಲಲ್ಲಿ ಮೂರು ಗದ್ದೆ ಮಲಗಿಸಿದ್ದೆ. ಅದೂ ಹೇಗೆ? ಒಂದು ಕಾಳೂ ನೆಲಕ್ಕೆ ಬೀಳದ ಹಾಗೆ. ನೋಡಿದವರು ಒಂಬತ್ತು ಜನ. ಒಂಬತ್ತು ಜನರೂ ಮಣ್ಣು ಸೇರಿದರು. ನಂಬಿಕೆ ಇಲ್ಲದವರು ಹೋಗಿ ಅವರನ್ನೇ ಕೇಳಿಕೊಂಡು ಬನ್ನಿ. ನಾನು ಇಲ್ಲೇ ಕೂತಿರ್ತೀನಿ.

ಇವತ್ತು ಅದನ್ನ ಓಡಿಸಿ ತೋರಿಸ್ತಾರೆ ಅಂತ ನೀವೆಲ್ಲ ಬಂದಿದ್ದೀರಿ. ಕೊಯ್ಯೋದು, ಒಕ್ಕೋದು, ಹುಲ್ಲನ್ನ ಪೆಂಡಿ ಕಟ್ಟೋದು, ಮೂರನ್ನೂ ತೋರಿಸ್ತಾರಂತೆ. ನೋಡಿ, ಬೇಡ ಅನ್ನಲ್ಲ. ಆದರೆ ಮೆಕ್ಯಾನಿಕ್ಕು ಇನ್ನೂ ಚಕ್ರಕ್ಕೆ ಎಣ್ಣೆ ಬಿಡ್ತಾ ಇದ್ದಾನೆ. ಅವನ ಎಣ್ಣೆ ಮುಗಿಯೋದರೊಳಗೆ ನನ್ನ ಕಥೆ ಮುಗಿಯುತ್ತೆ. ಚೆಲುವಮ್ಮ, ಆ ಹುಲ್ಲಿನ ಹೊರೆ ಇಳಿಸಿ ಕೂತ್ಕೊಳವ್ವ. ಹೊರೆ ಹೊತ್ತುಕೊಂಡು ಕೇಳಿದರೆ ಕಥೆಯೂ ಭಾರ ಆಗುತ್ತೆ.

ಏಳು ಕೆರೆ ಆಚೆಗೆ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಮಾರಭೂಪಾಲ ಅಂತ ಹೆಸರು. ಒಳ್ಳೆಯವನೇ. ಆದರೆ ತಿರುಗೋ ಚಕ್ರ ಕಂಡರೆ ಮೈಮರೆಯೋನು. ಕುಂಬಾರನ ಚಕ್ರ ಕಂಡರೆ ಅಲ್ಲೇ ಕೂರೋನು. ಗಾಣ ಕಂಡರೆ ಅಲ್ಲೇ ಊಟ ತರಿಸೋನು. ರಾಟೆ ಕಂಡರೆ ಅಲ್ಲೇ ನಿದ್ದೆ ಹೋಗೋನು.

ಅದೇ ರಾಜ್ಯದಲ್ಲಿ ಸಾಕವ್ವ ಅಂತ ಒಬ್ಬಳು ಮುದುಕಿ. ಹೊಲ ಇಲ್ಲ, ಗದ್ದೆ ಇಲ್ಲ. ಕೊಯ್ಲಾದ ಗದ್ದೇಲಿ ಉದುರಿದ ಕಾಳು, ತಪ್ಪಿಹೋದ ತೆನೆ ಆಯ್ದುಕೊಂಡು ಬದುಕೋಳು. ಹಕ್ಕಲು ಆಯೋದು ಅಂತೀವಲ್ಲ, ಅದೇ. ರಾಜನ ಮುತ್ತಜ್ಜಿ ಕಾಲದಿಂದ ಅಲ್ಲೊಂದು ಕಟ್ಟಳೆ ಇತ್ತು. ನಿಂತ ಪೈರು ಒಡೆಯನದು, ಬಿದ್ದ ಕಾಳು ಬಡವರದು. ಬಗ್ಗಿ ಆಯ್ದಷ್ಟೂ ಅವಳದೇ. ಯಾರೂ ಕೇಳೋ ಹಾಗಿಲ್ಲ. ಒಂದು ಸುಗ್ಗಿಯ ಹಕ್ಕಲು ಅವಳಿಗೆ ಒಂದು ವರ್ಷದ ಅನ್ನ.

ಅವಳಿಗೊಬ್ಬ ಗೆಳೆಯ ಇದ್ದ. ಅರಮನೆ ಕಣ ತುಳಿಯೋ ಮುದಿ ಎತ್ತು, ಕೆಂದ. ಆಗಿನ ಕಾಲಕ್ಕೆ ಎತ್ತುಗಳು ಮಾತಾಡ್ತಿದ್ದವು. ಈಗಲೂ ಆಡ್ತವೆ. ಕೇಳೋಕೆ ನಮಗೆ ಪುರುಸೊತ್ತಿಲ್ಲ.

ಹೀಗಿರುವಾಗ ಒಂದು ಸುಗ್ಗೀಲಿ ದಂಡಪಾಣಿ ಅನ್ನೋನು ಬಂದ. ಯಾವ ಸೀಮೆಯವನೋ ಕಾಣೆ. ಮೀಸೆಗೆ ಎಣ್ಣೆ, ಮಾತಿಗೆ ಬೆಣ್ಣೆ. ಅವನ ಹಿಂದೆ ಎಂಟು ಖಾಲಿ ಗಾಡಿ. ಗಾಡಿಗಳ ಹಿಂದೆ ಈ ಯಂತ್ರ. ಆಗಲೇ ಇದು ಮುದುಕ. ಮೇಲೆ ಮಾತ್ರ ಹೊಸ ಕೆಂಪು ಬಣ್ಣ ಬಳಿದಿದ್ದ. ಸಣ್ಣ ಚಕ್ರ, ದೊಡ್ಡ ಚಕ್ರ, ಒಂದರೊಳಗೊಂದು ಚಕ್ರ. ರಾಜ ಅರಮನೆ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು ಓಡಿ ಬಂದ.

"ಮಹಾಪ್ರಭು, ಇದು ಮುಂದೆ ಪೈರು ನುಂಗ್ತದೆ. ಪಕ್ಕದಲ್ಲಿ ಕಾಳು ಕೊಡ್ತದೆ. ಹಿಂದೆ ಹುಲ್ಲಿನ ಪೆಂಡಿ ಹಾಕ್ತದೆ. ಒಂದು ಕಾಳೂ ನೆಲಕ್ಕೆ ಬೀಳೋದಿಲ್ಲ," ಅಂದ ದಂಡಪಾಣಿ.

"ಇದಕ್ಕೆ ನಿನಗೇನು ಕೊಡಬೇಕಪ್ಪ?"

"ಕಾಳೆಲ್ಲ ತಮಗೆ. ಬರೀ ಹುಲ್ಲು ನನಗೆ. ಆದರೆ ನನ್ನ ಪೆಂಡಿ ಯಾರೂ ಬಿಚ್ಚಬಾರದು. ಕಟ್ಟಿದ್ದು ಕಟ್ಟಿದ ಹಾಗೇ ಗಾಡಿ ಏರಬೇಕು."

"ಹುಲ್ಲೆಲ್ಲ ನೀನು ಒಯ್ದರೆ ನನ್ನ ಎತ್ತುಗಳು ಏನು ತಿನ್ನಬೇಕು?"

"ಯಂತ್ರ ಇರೋವಾಗ ಎತ್ತು ಯಾಕೆ, ಪ್ರಭು? ಮಾರಿಬಿಡಿ."

ರಾಜ ಚಕ್ರ ನೋಡ್ತಾ ಇದ್ದ. ಹೂಂ ಅಂದುಬಿಟ್ಟ. "ಮೂರು ಗದ್ದೆ ಕೊಯ್ದು ತೋರಿಸು. ಮೂರನೇ ಗದ್ದೆ ಮುಗಿದ ದಿನ ತಾಮ್ರದ ಹಲಗೆ ಮೇಲೆ ಬರೆಸಿಕೊಡ್ತೀನಿ. ಈ ರಾಜ್ಯದ ಕೊಯ್ಲೆಲ್ಲ ನಿನ್ನ ಯಂತ್ರದ್ದೇ. ಪೆಂಡಿಗೆ ಯಾರೂ ಕೈ ಹಾಕಕೂಡದು, ಇದು ನನ್ನ ಮಾತು."

ಮೊದಲನೇ ಗದ್ದೆ. ಗಡಗಡ ಗಡಗಡ ಅಂತ ಯಂತ್ರ ಹೋಯ್ತು. ಮುಂದೆ ಪೈರು ಮಲಗಿತು. ಹಿಂದೆ ಪೆಂಡಿ ಬಿತ್ತು, ಇಟ್ಟಿಗೆ ಕೊಯ್ದ ಹಾಗೆ ಚಚ್ಚೌಕ, ತಂತಿಯಲ್ಲಿ ಬಿಗಿದಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಸಾಕವ್ವ ಮೊರ ಹಿಡಿದು ಗದ್ದೆಗೆ ಇಳಿದಳು. ಬಗ್ಗಿದಳು, ನಡೆದಳು, ಈ ಬದುವಿನಿಂದ ಆ ಬದುವಿಗೆ ಹೋದಳು. ಮೊರದಲ್ಲಿ ಮೂರು ಕಾಳು.

ಕಾಳು ಅಳೆದರು. ಹೋದ ವರ್ಷ ಹತ್ತು ಮೂಟೆ ಆಗಿದ್ದ ಗದ್ದೇಲಿ ಆರು.

"ಏನಪ್ಪಾ ಇದು?" ಅಂದ ರಾಜ.

"ಈ ವರ್ಷ ಮಂಜು ಜಾಸ್ತಿ, ಪ್ರಭು. ಜೊಳ್ಳು ಕಟ್ಟಿದೆ."

ಎರಡನೇ ಗದ್ದೆ. ಗಡಗಡ ಗಡಗಡ. ಮುಂದೆ ಪೈರು ಮಲಗಿತು, ಹಿಂದೆ ಪೆಂಡಿ ಬಿತ್ತು. ಸಾಕವ್ವನ ಮೊರದಲ್ಲಿ ಎರಡು ಕಾಳು. ಅಳೆದರೆ ಹೋದ ವರ್ಷ ಎಂಟು ಆಗಿದ್ದ ಕಡೆ ಐದು.

"ಏನಪ್ಪಾ ಇದು?"

"ನೆಲದ ಸಾರ ಇಳಿದಿದೆ, ಪ್ರಭು. ಮುಂದಿನ ವರ್ಷ ಸರಿ ಹೋಗ್ತದೆ. ನೋಡಿ, ಈ ಚಕ್ರ ಎಡಕ್ಕೆ ತಿರುಗಿದರೆ ಆ ಚಕ್ರ ಬಲಕ್ಕೆ ತಿರುಗ್ತದೆ."

"ಹೌದಲ್ಲ," ಅಂತ ರಾಜ ಅದನ್ನೇ ನೋಡ್ತಾ ನಿಂತ.

ಸಾಕವ್ವ ಕಣದ ಅಂಚಿಗೆ ಬಂದು ಕೂತಳು. ಕೆಂದ ಕಣದ ನಡುಗಂಬ ಮೇಟಿಗೆ ಕಟ್ಟಿಸಿಕೊಂಡು ಮೆಲುಕು ಹಾಕ್ತಿತ್ತು.

"ಕೆಂದ, ನಾನು ಈ ವರ್ಷ ಏನು ಉಣ್ಣಲಿ? ಐದು ಕಾಳು ಸಿಕ್ಕಿದೆ, ಎರಡು ಗದ್ದೆಗೆ."

"ನಿನಗೆ ಉಣ್ಣೋ ಚಿಂತೆ. ನನ್ನನ್ನ ಮಾರೋಕೆ ಹಲ್ಲು ಎಣಿಸಿ ಹೋದರು."

"ನಲವತ್ತು ಸುಗ್ಗಿ ಕಂಡಿದ್ದೀನಿ ಕಣೋ. ನೆಲಕ್ಕೆ ಬೀಳದೆ ಇರೋ ಕಾಳು ಮೂಟೇಲಿ ಇರಬೇಕು. ಮೂಟೇಲಿ ಇಲ್ಲ. ನೆಲದಲ್ಲೂ ಇಲ್ಲ. ಮತ್ತೆಲ್ಲಿ ಹೋಯ್ತು?"

ಕೆಂದ ನಿಧಾನಕ್ಕೆ ಮೆಲುಕು ಹಾಕಿತು. "ಆಗಲೇ ಕಣಕ್ಕೆ ತಂದಿಟ್ಟ ಆ ಪೆಂಡಿಯಿಂದ ಒಂದು ಎಳೆ ಜಗ್ಗಿ ತಿಂದೆ. ಹುಲ್ಲು ಹುಲ್ಲಿನ ರುಚಿ ಇರಬೇಕು. ಇದು ಹಲ್ಲಿಗೆ ಕಟುಂ ಅಂತದೆ, ಸಾಕವ್ವ."

ಸಾಕವ್ವ ಪೆಂಡಿ ಕಡೆ ನೋಡಿದಳು. ತಂತಿ ಬಿಗಿದಿತ್ತು. ಕೈ ಹಾಕಿದರೆ ರಾಜನ ಮಾತು ಮೀರಿದ ಹಾಗೆ. ಕೈ ಹಾಕದೇ ಬಿಚ್ಚೋದು ಹೇಗೆ? ಆಮೇಲೆ ಎದ್ದು ಸೀರೆ ಸೆರಗು ಕೊಡವಿಕೊಂಡು ರಾಜನ ಹತ್ತಿರ ಹೋದಳು.

"ಬುದ್ಧಿ, ಮೂರನೇ ಗದ್ದೆ ಇನ್ನೂ ಹಸಿ. ಕಾಳು ಕಚ್ಚಿ ನೋಡಿದೆ, ಹಾಲು ಹಾಲಾಗಿದೆ. ಎಂಟು ದಿನ ತಡೀರಿ."

"ಅಲ್ಲೀತನಕ ನನ್ನ ಪೆಂಡಿ ಒಯ್ತೀನಿ," ಅಂದ ದಂಡಪಾಣಿ.

"ಅದೆಂಥ ಮಾತು ಅಯ್ಯ? ಸುಗ್ಗಿ ಮುಗಿದು ರಾಶಿ ಪೂಜೆ ಆಗೋತನಕ ಕಣದಿಂದ ಒಂದು ಕಡ್ಡಿಯೂ ಆಚೆ ಹೋಗಬಾರದು. ನಿಮ್ಮೂರಲ್ಲಿ ಇಲ್ಲವಾ ಈ ಪದ್ಧತಿ?"

ರಾಜನಿಗೆ ಇದು ಗೊತ್ತಿತ್ತು. ಯಾರಿಗೆ ಗೊತ್ತಿಲ್ಲ? "ಹೌದಪ್ಪ, ಅದು ನಮ್ಮ ಅಜ್ಜಂದಿರು ಮಾಡಿಟ್ಟಿದ್ದು," ಅಂದ. ದಂಡಪಾಣಿಗೆ ಯಂತ್ರ ಗೊತ್ತು, ಕಣ ಗೊತ್ತಿಲ್ಲ. ಮೀಸೆ ತಿರುವಿ ಒಪ್ಪಿಕೊಂಡ.

ಮಾರನೇ ದಿನ ಬಿಸಿಲು ಏರಿತು. ದಂಡಪಾಣಿ ನೆರಳಲ್ಲಿ ಕೂತು ಪೆಂಡಿ ಕಾಯ್ತಿದ್ದ. ಸಾಕವ್ವ ಕೊಡ ಹೊತ್ತು ಆ ದಾರಿಯಲ್ಲೇ ಬಂದಳು.

"ಅಯ್ಯ, ಹುಲ್ಲನ್ನ ನೀವು ತೂಕಕ್ಕೆ ಮಾರ್ತೀರೋ, ಎಣಿಕೆಗೆ ಮಾರ್ತೀರೋ?"

"ತೂಕಕ್ಕೆ. ಯಾಕೆ ಮುದುಕಿ?"

"ಅಯ್ಯೋ, ಈ ಬಿಸಿಲಿಗೆ ಒಣಗಿ ಹತ್ತಿ ಥರ ಆಗುತ್ತಲ್ಲ. ಮೇಲೆ ಎರಡು ಕೊಡ ನೀರು ಚಿಮುಕಿಸಿ ಗೋಣಿ ಹೊದಿಸಲಾ? ಭಾರ ನಿಲ್ಲುತ್ತೆ. ಪೆಂಡಿಗೆ ಕೈ ಹಾಕಲ್ಲ. ದೂರದಿಂದಲೇ ಸುರೀತೀನಿ."

ನೋಡಿ, ಇಲ್ಲಿ ಕೂತಿರೋ ಯಾರನ್ನಾದರೂ ಕೇಳಿ. ಒಣಹುಲ್ಲಿಗೆ ನೀರು ತಾಕಿಸ್ತೀರಾ? ಮೋಡ ಕಂಡರೆ ಸಾಕು, ಉಣ್ಣೋ ತಟ್ಟೆ ಬಿಟ್ಟು ಮೆದೆ ಮುಚ್ಚೋಕೆ ಓಡ್ತೀವಿ. ದಂಡಪಾಣಿ ಗದ್ದೇಲಿ ಹುಟ್ಟಿದವನಲ್ಲ. ಭಾರ ಅನ್ನೋ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

"ಎರಡು ಕೊಡ ಯಾಕೆ, ಮೂರು ಕೊಡ ಸುರಿ. ರಾಜನಿಗೆ ಹೇಳಬೇಡ."

"ನಾನು ಯಾಕೆ ಹೇಳಲಿ ಅಯ್ಯ?"

ಮೊದಲನೇ ದಿನ ಪೆಂಡಿಗೆ ಮೂರು ಕೊಡ. ಎರಡನೇ ದಿನ ಮೂರು ಕೊಡ. ಮೂರನೇ ದಿನ ಮೂರು ಕೊಡ. ಮೇಲೆ ಒದ್ದೆ ಗೋಣಿ. ಪಕ್ಕದಲ್ಲೇ ಕೆಂದ ಹೋದ ವರ್ಷ ತುಳಿದ ಹುಲ್ಲು ಒಂದಿಷ್ಟು ಇತ್ತು. ಅದಕ್ಕೂ ಅಷ್ಟೇ ಕೊಡ, ಅಷ್ಟೇ ಗೋಣಿ. ಆಮೇಲಿನ ದಿನಗಳಲ್ಲಿ ಬರೀ ಚಿಮುಕಿಸಿದಳು. ದಂಡಪಾಣಿ ಅರಮನೆಯಲ್ಲಿ ಹೋಳಿಗೆ ತಿಂದು ಮಲಗಿದ್ದ. ಸಾಕವ್ವನ ಮನೇಲಿ ಒಲೆ ಹತ್ತಿ ಎರಡು ದಿನ ಆಗಿತ್ತು. ಆದರೂ ಕೊಡ ಹೊರೋದು ಬಿಡಲಿಲ್ಲ. ಅವಳಿಗೆ ಅಷ್ಟು ನೀರು ಸೇದಿಕೊಟ್ಟವನು ಯಾರು ಅಂದುಕೊಂಡಿರಿ? ಹೋಗಲಿ ಬಿಡಿ, ನನ್ನ ಬಾಯಲ್ಲೇ ಹೇಳಿಕೊಳ್ಳಬಾರದು.

ಎಂಟನೇ ದಿನ ಬಂತು, ಮೂರನೇ ಗದ್ದೆ ಕೊಯ್ಯೋ ದಿನ. ತಾಮ್ರದ ಹಲಗೆ ಬಂತು. ಅಕ್ಷರ ಕೊರೆಯೋ ಅಕ್ಕಸಾಲಿ ಬಂದ. ರಾಜ ಬಂದು ಕಣದ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ.

ಸಾಕವ್ವ ಕೈ ಮುಗಿದಳು. "ಬುದ್ಧಿ, ಹಲಗೆ ಬರೆಸೋಕೆ ಮುಂಚೆ ಈ ಗೋಣಿ ಒಂದು ತೆಗೆಸಿ. ನಾನು ಮುಟ್ಟಿಲ್ಲ. ಅಯ್ಯನವರೇ ನೀರು ಸುರಿ ಅಂದರು, ಸುರಿದೆ."

ಆಳು ಹೋಗಿ ಗೋಣಿ ತೆಗೆದ.

ಪೆಂಡಿಗಳೆಲ್ಲ ಹಸಿರು. ಮೇಲೆ ಹಸಿರು, ಪಕ್ಕದಲ್ಲಿ ಹಸಿರು, ತಂತಿ ಸಂದೀಲೂ ಹಸಿರು. ಸೂಜಿ ಥರ ಎಳೇ ಮೊಳಕೆ, ಬೆರಳುದ್ದ. ಕಣದ ಮಧ್ಯೆ ಸಸಿ ಬೆಳೆಸೋ ಒಟ್ಟಲು ಹಾಕಿದ ಹಾಗೆ ಕಾಣ್ತಿತ್ತು. ರಾಜ ಮೊದಲ ಸಲ ಚಕ್ರದಿಂದ ಕಣ್ಣು ಕಿತ್ತ.

"ದಂಡಪಾಣಿ, ಏನಿದು?"

"ಹುಲ್ಲು, ಪ್ರಭು. ನೀರು ಬಿದ್ದಿದೆ. ಹುಲ್ಲು ಚಿಗುರಿದೆ."

ಸಾಕವ್ವ ಪಕ್ಕದ ಗೋಣಿಯನ್ನ ತಾನೇ ಎತ್ತಿದಳು. ಅಡಿಯಲ್ಲಿ ಕರ್ರಗೆ ಕೊಳೆತ ಹುಲ್ಲು. ಒಂದು ಮೊಳಕೆ ಇಲ್ಲ. "ಇದಕ್ಕೂ ಅಷ್ಟೇ ನೀರು ಬುದ್ಧಿ. ಇದು ಕೆಂದ ತುಳಿದ ಹುಲ್ಲು."

ಕೆಂದ ಮೇಟಿ ಹತ್ತಿರದಿಂದ ತಲೆ ಎತ್ತಿತು. "ನಾನು ತುಳಿದಿದ್ದು ಕೊಳೆತಿದೆ. ಅವನು ತುಳಿದಿದ್ದು ಬೆಳೆದಿದೆ. ನಾನು ಹೇಳಬೇಕಾದ್ದು ಇಷ್ಟೇ."

ರಾಜ ಕಮ್ಮಾರನನ್ನ ಕರೆಸಿ ಯಂತ್ರದ ಹೊಟ್ಟೆ ಬಿಚ್ಚಿಸಿದ. ಕಾಳು ಬಡಿಯೋ ಉರುಳೇಲಿ ಒಂದು ಹಲ್ಲು ಬಿಟ್ಟು ಒಂದು ಹಲ್ಲು ಇಲ್ಲ. ದಂಡಪಾಣಿ ಬೇಕೂ ಅಂತಲೇ ಕಿತ್ತಿದ್ದ. ಹತ್ತಿರ ಹತ್ತಿರ ಅರ್ಧ ಕಾಳು ತೆನೆಯಲ್ಲೇ ಉಳಿದು, ಹುಲ್ಲಿನ ಜೊತೆ ಪೆಂಡಿಯೊಳಗೆ ಬಿಗಿದುಕೊಂಡು ಗಾಡಿ ಏರಬೇಕು, ಗಡಿ ದಾಟಿದ ಮೇಲೆ ಬಿಚ್ಚಿ ಬಡಿದುಕೊಳ್ಳಬೇಕು. ಅದು ಅವನ ಹಂಚಿಕೆ.

"ಪೆಂಡಿ ನಿನ್ನದು ಅಂತ ಮಾತು ಕೊಟ್ಟಿದ್ದೀನಿ. ಮಾತಿಗೆ ತಪ್ಪಲ್ಲ," ಅಂದ ರಾಜ. "ಪೈರು ನಿನ್ನದು ಅಂದಿಲ್ಲ. ಒಂದೊಂದೇ ಸಸಿ ಕಿತ್ತು ಎರಡು ಗದ್ದೇಲಿ ನಾಟಿ ಮಾಡು. ನೀನೊಬ್ಬನೇ. ಬೆಳೆದದ್ದು ಸಾಕವ್ವನ ಮನೆಗೆ. ಆಮೇಲೆ ಖಾಲಿ ಹುಲ್ಲು ಹೊತ್ತುಕೊಂಡು ಹೊರಡು."

ದಂಡಪಾಣಿ ಕಚ್ಚೆ ಕಟ್ಟಿ ಕೆಸರಿಗೆ ಇಳಿದ. ಮೊದಲನೇ ದಿನ ಮೀಸೆಯ ಎಣ್ಣೆ ಹೋಯ್ತು. ಎರಡನೇ ದಿನ ಮಾತಿನ ಬೆಣ್ಣೆ ಹೋಯ್ತು. ಮೂರನೇ ದಿನ ಸೊಂಟವೇ ಹೋಯ್ತು. ಬದುವಿನ ಮೇಲೆ ಕೂತು ಸಾಕವ್ವ, "ಸಾಲು ಸೊಟ್ಟ ಆಯ್ತು ಅಯ್ಯ, ಕಿತ್ತು ಇನ್ನೊಂದು ಸಲ ನೆಡಿ," ಅಂತಿದ್ದಳು.

ತಾಮ್ರದ ಹಲಗೆ ಸುಮ್ಮನೆ ಹೋಗಲಿಲ್ಲ. ಅದರ ಮೇಲೆ ಮುತ್ತಜ್ಜಿ ಕಟ್ಟಳೆಯನ್ನೇ ಕೊರೆಸಿದರು. ಎತ್ತುಗಳನ್ನ ಮಾರಲಿಲ್ಲ. ಯಂತ್ರವನ್ನ ರಾಜ ಬಿಡಲಾರ, ಚಕ್ರ ಇತ್ತಲ್ಲ. ಕಮ್ಮಾರನ ಕೈಲಿ ಹಲ್ಲೆಲ್ಲ ಹಾಕಿಸಿದ. ಅದರ ಬಲಮಗ್ಗುಲಲ್ಲಿ ಅಂಗೈ ಅಗಲ ಒಂದು ಕಿಂಡಿ ಕೊರೆಸಿದ. ಯಂತ್ರ ಹೋದ ದಾರೀಲೆಲ್ಲ ಅಷ್ಟಷ್ಟು ಕಾಳು ಉದುರಬೇಕು, ಹಿಂದೆ ಬರೋರು ಆಯ್ದುಕೊಳ್ಳಬೇಕು. ಈಗ ಓಡಿಸುವಾಗ ನೋಡಿ, ಬಲಮಗ್ಗುಲಿಂದ ಕಾಳು ಉದುರುತ್ತೆ. ಆ ಮೆಕ್ಯಾನಿಕ್ಕು ಅದನ್ನ ತುಕ್ಕು ಹಿಡಿದ ತೂತು ಅಂತಾನೆ. ಅವನಿಗೇನು ಗೊತ್ತು?

ಅದಕ್ಕೇ ಮಕ್ಕಳಾ, ನೀತಿ ಏನಪ್ಪಾ ಅಂದರೆ, ನೆಟ್ಟಗೆ ಕೊಯ್ಯೋ ಕೈಯಿಂದ ನಾಲ್ಕು ಕಾಳು ಉದುರೇ ಉದುರುತ್ತೆ. ಅದು ಬಡವರ ಪಾಲು. ಒಂದು ಕಾಳೂ ಬೀಳಿಸಲಿಲ್ಲ ಅನ್ನೋನು ಸಿಕ್ಕಿದರೆ, ಮೊದಲು ಅವನ ಮಡಿಲು ನೋಡಿ.

ಎಲ್ಲರೂ ತಲೆದೂಗಿದರು. ಚೆಲುವಮ್ಮ ಮಾತ್ರ ಹುಲ್ಲಿನ ಹೊರೆಗೆ ಒರಗಿಕೊಂಡು ನನ್ನನ್ನೇ ನೋಡ್ತಿದ್ದಳು.

"ಒಂದು ಮಾತು ತಾತ."

"ಕೇಳವ್ವ."

"ಮೊದಲಿಗೆ ನೀನೇ ಹೇಳಿದೆಯಲ್ಲ. ಮೂರು ಗದ್ದೆ ಕೊಯ್ದೆ, ಒಂದು ಕಾಳೂ ನೆಲಕ್ಕೆ ಬೀಳಿಸಲಿಲ್ಲ ಅಂತ. ಆ ದಿನ ನಿನ್ನ ಮಡಿಲು ನೋಡಿದವರು ಯಾರು?"

ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬಯಲಲ್ಲಿ ಮೆಕ್ಯಾನಿಕ್ಕಿನ ಎಣ್ಣೆಯೂ ಮುಗಿದಿತ್ತು. ನಾನು ಭುಜ ಕುಣಿಸಿದೆ.

"ಬಿದ್ದಿರಬಹುದು ಕಣವ್ವ," ಅಂದೆ. "ನಾಲ್ಕು ಕಾಳು."