ಸಾರಿಗೆ ಬಿದ್ದ ಬೆಲ್ಲ

ಪ್ರೊಫೆಸರ್ ಚನ್ನವೀರಯ್ಯನವರಿಗೆ ಸಣ್ಣ ವಿಷಯವೆಂದರೆ ಆಗದು. ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ನೀಲಾಂಬಿಕೆ, ಸಾರಿಗೆ ಬೆಲ್ಲ ಹಾಕುವ ರೂಢಿಯ ಬಗ್ಗೆ ಪ್ರಬಂಧ ಬರೆಯುತ್ತೇನೆ ಅಂದಾಗ ಕೆಂಡಾಮಂಡಲವಾದರು.

"ಬೆಲ್ಲದ ಮೇಲೆ ಪ್ರಬಂಧವೇ? 'ಕರ್ನಾಟಕದ ಆಹಾರ ಸಂಸ್ಕೃತಿ: ಒಂದು ಸಮಗ್ರ ಅಧ್ಯಯನ' ಅಂತ ಬರಿ. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ."

"ಆಗಲಿ ಸಾರ್. ಕರ್ನಾಟಕದೊಳಗೆ ನಿಮ್ಮ ಮನೆಯೂ ಬಂತಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ನಿಮ್ಮನೆ ಸಾರಿಗೆ ಬೆಲ್ಲ ಹಾಕ್ತಾರಾ?"

"ಅಮ್ಮ ಹಾಕ್ತಾರೆ. ನನ್ನ ಹೆಂಡತಿ ಹಾಕಲ್ಲ."

"ಮತ್ತೆ ಹಾಕಬೇಕೋ ಬೇಡವೋ ಅಂತ ತೀರ್ಮಾನ ಮಾಡೋರು ಯಾರು ಸಾರ್?"

ಪ್ರೊಫೆಸರರು ಕನ್ನಡಕ ತೆಗೆದಿಟ್ಟರು. ಮದುವೆಯಾದ ಹೊಸತರಿಂದ ಹಿಡಿದು ಇವತ್ತಿನ ಊಟದವರೆಗೂ ನಡೆದ ಬೆಲ್ಲದ ಜಗಳವನ್ನೆಲ್ಲ ಹೇಳಿದರು. ಮೇಜಿನ ಮೇಲಿನ ಕಾಫಿ ಆರಿ ಕೆನೆಗಟ್ಟಿತು. ಮಾತು ಮುಗಿಯಲಿಲ್ಲ.

"ಸಾರ್, ಒಂದೇ ಮನೆ, ಒಂದೇ ಚೂರು ಬೆಲ್ಲ. ನಾವಿನ್ನೂ ನಿಮ್ಮ ಅಡುಗೆಮನೆಯನ್ನೇ ದಾಟಿಲ್ಲ. ಸಮಗ್ರ ಕರ್ನಾಟಕಕ್ಕೆ ಯಾವಾಗ ಹೊರಡೋಣ?"

ಪ್ರೊಫೆಸರರು ಅವಳ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನಗುತ್ತಾ ಸಹಿ ಹಾಕಿದರು.

"ಬೆಲ್ಲದ ಮೇಲೇ ಬರಿಯಮ್ಮ. ಆದರೆ ಉತ್ತರ ಸಿಕ್ಕಿದರೆ ಮನೆಗೆ ಫೋನ್ ಮಾಡಬೇಡ, ಅತ್ತೆ ಸೊಸೆ ಇಬ್ಬರಿಗೂ ಕೇಳಿಸುತ್ತೆ. ಇಲ್ಲಿಗೇ ಬಂದು ಮೆಲ್ಲಗೆ ಹೇಳು."