ಕೆಂಪಕ್ಕನ ಎರಡು ಸಾಲಿನ ಗೋಡೆ

ಪಣಕ್ಕಿದ್ದದ್ದು ಒಂದು ಚಿಟಿಕೆ ಕೆಂಪು ಬಣ್ಣ. ಉಬ್ಬರ ಏರುವುದರೊಳಗೆ ಅದರ ಸುತ್ತ ಗೋಡೆ ಎದ್ದರೆ ಬಣ್ಣ ಕೆಂಪಕ್ಕನದು. ಏಳದಿದ್ದರೆ ಕಡಲಜ್ಜನದು. ಲೋಕದ ಮೈ ಇನ್ನೂ ಆರಿರದ ಕಾಲದಲ್ಲಿ ಆದ ಕರಾರು ಇದು.

ಕೆಂಪಕ್ಕ ಸಾಸಿವೆಗಿಂತ ಎಷ್ಟೋ ಸಣ್ಣ ಜೀವ. ಆಗ ಯಾವ ಜೀವಕ್ಕೂ ಗೋಡೆ ಇರಲಿಲ್ಲ. ಬಣ್ಣವನ್ನು ಅಪ್ಪಿಕೊಂಡು ನೀರಿನಲ್ಲಿ ಕೂತಿದ್ದಳು. ಒಂದೊಂದು ಅಲೆಗೂ ಇಷ್ಟಿಷ್ಟು ಕೆಂಪು ಸೋರುತ್ತಿತ್ತು.

"ಸೋರಿದ್ದು ನನ್ನ ಲೆಕ್ಕಕ್ಕೆ, ಮಗಳೇ," ಎಂದ ಕಡಲಜ್ಜ.

"ಉಬ್ಬರ ಬರಲಿ ಅಜ್ಜ, ಆಮೇಲೆ ಮಾತಾಡೋಣ." ಕೆಂಪಕ್ಕನ ದನಿ ಗಟ್ಟಿಯಾಗಿತ್ತು.

ಜೇಡಿಮಣ್ಣು ಮೆತ್ತಿ ನೋಡಿದಳು. ಮಣ್ಣು ಕದಡಿಹೋಯಿತು. ಇನ್ನಷ್ಟು ಕೆಂಪು ಸೋರಿತು.

ಆಗ ಜಿಡ್ಡಿನವರ ಹಿಂಡೊಂದು ತೇಲಿ ಬಂತು. ಅವರಲ್ಲಿ ಒಬ್ಬೊಬ್ಬರಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಪ್ರಾಣ. ಬಾಲಗಳಿಗೆ ನೀರೆಂದರೆ ನಡುಕ.

"ಅಕ್ಕಾ, ಬಾಲ ಬಚ್ಚಿಡೋಕೆ ಒಂದಿಷ್ಟು ಜಾಗ ಕೊಡ್ತೀಯಾ?" ಎಂದು ಕೇಳಿದ ಅವರ ಹಿರಿಯ ಜಿಡ್ಡಣ್ಣ.

"ಜಾಗ ಬಿಟ್ಟಿ ಸಿಗಲ್ಲ. ಗೋಡೆಯಾಗಿ ನಿಲ್ಲಿ."

ಅವಸರದಲ್ಲಿ ಅವರನ್ನು ಒಂದೇ ಸಾಲಾಗಿ ಸುತ್ತ ನಿಲ್ಲಿಸಿದಳು, ತಲೆ ಹೊರಗೆ, ಬಾಲ ಒಳಗೆ. ಅಲ್ಲೇ ಎಡವಿದ್ದು. ಅವಳ ಬಳಿಯೂ ನೀರೇ ಇತ್ತಲ್ಲ. ಬಾಲಗಳು ಆ ನೀರನ್ನು ತಳ್ಳಿ ತಳ್ಳಿ, ಒಂದಕ್ಕೊಂದು ಅಂಟಿ ಉಂಡೆ ಕಟ್ಟಿದವು. ಬಣ್ಣದ ಸಮೇತ ಅವಳು ಹೊರಗೇ ಉಳಿದಳು.

"ಇದೇನು ಗೋಡೆಯೋ, ತಂಬಿಟ್ಟೋ?" ಕಡಲಜ್ಜ ನಕ್ಕ. ಅವನ ಅಲೆ ಆಗಲೇ ಎತ್ತರವಾಗಿತ್ತು.

ಕೆಂಪಕ್ಕ ಉಂಡೆಯನ್ನು ಬಿಡಿಸಿದಳು. "ಎರಡು ಸಾಲು," ಎಂದಳು. "ಬಾಲಕ್ಕೆ ಬಾಲ ಕೊಡಿ. ಒಂದು ಸಾಲು ಕಡಲ ಕಡೆ ಮುಖ ಮಾಡಲಿ, ಇನ್ನೊಂದು ನನ್ನ ಕಡೆ."

ಅವರು ಹಾಗೇ ನಿಂತರು. ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ನೀರಿನ ಹೆದರಿಕೆಯೇ ಅವರನ್ನು ಒತ್ತಾಗಿ ಹಿಡಿದಿತ್ತು. ಎಲ್ಲಾದರೂ ತೂತು ಬಿದ್ದರೆ ಅಕ್ಕಪಕ್ಕದವರು ಸರಿದು ಮುಚ್ಚಿದರು.

ಒಳಗೆ ಕೂತವಳಿಗೆ ಈಗ ಹೊಸ ಚಿಂತೆ. "ಹೊರಗೆ ಏನಾಗ್ತಿದೆ ಅಂತ ನನಗೆ ಗೊತ್ತಾಗೋದು ಹೇಗೆ?"

"ನಾನು ಒಳಸಾಲಿನಲ್ಲಿದ್ದೀನಲ್ಲ. ಅಜ್ಜ ಗೋಡೆ ತಟ್ಟಿದರೆ ನನ್ನ ತಲೆ ಕಡಿದು ನಿನ್ನ ಹತ್ತಿರ ಕಳಿಸ್ತೀನಿ. ಅದು ಸುದ್ದಿ ಹೇಳುತ್ತೆ," ಎಂದ ಜಿಡ್ಡಣ್ಣ.

"ತಲೆ ಹೋದರೆ ನಿನ್ನ ಗತಿ?"

"ಬಾಲ ನೆನೆಯದಿದ್ದರೆ ಸಾಕು. ಆದರೆ ಅಕ್ಕಾ, ಬೆಂಕಿ ಬಂದರೆ ನಮ್ಮನ್ನು ಕೇಳಬೇಡ. ಕಾವಿಗೆ ನಾವು ಚದುರಿಹೋಗ್ತೀವಿ."

"ಒಪ್ಪಿದೆ."

ಉಬ್ಬರ ಬಂತು. ಗೋಡೆ ತೊನೆದಾಡಿತು. ಜಿಡ್ಡಣ್ಣನ ತಲೆ ಉರುಳಿ ಬಂದು, "ಎಡಕ್ಕೆ ಒತ್ತಡ ಜಾಸ್ತಿ," ಎಂದಿತು. ಕೆಂಪಕ್ಕ ಜಿಡ್ಡಿನವರನ್ನು ಎಡಕ್ಕೆ ಸರಿಸಿದಳು. ಗೋಡೆ ಬಾಗಿತು, ಹರಿಯಲಿಲ್ಲ. ಅಲೆ ಇಳಿಯಿತು.

ಕೆಂಪಕ್ಕನ ಮರಿಮಕ್ಕಳು ಈಗ ಬೀಟ್‌ರೂಟಿನೊಳಗೆ, ಅದೇ ಎರಡು ಸಾಲಿನ ಗೋಡೆ ಕಟ್ಟಿಕೊಂಡು, ಒತ್ತೊತ್ತಾಗಿ ಕೂತಿದ್ದಾರೆ. ಅದಕ್ಕೇ ಹೆಚ್ಚಿದ ಬೀಟ್‌ರೂಟನ್ನು ಚೆನ್ನಾಗಿ ತೊಳೆದು ತಣ್ಣೀರಿಗೆ ಹಾಕಿದರೆ ನೀರು ಹೆಚ್ಚು ಕೆಂಪಾಗುವುದಿಲ್ಲ, ಒಲೆಯ ಮೇಲಿಟ್ಟರೆ ಪಾತ್ರೆಯೆಲ್ಲ ಕೆಂಪು. ಕಡಲಜ್ಜನಿಗೆ ದಕ್ಕಿದ್ದು ಮೊದಲು ಸೋರಿದ್ದಷ್ಟೇ, ಹೋದದ್ದು ಜಿಡ್ಡಣ್ಣನ ತಲೆ, ಉಳಿದ ಕೆಂಪೆಲ್ಲ ಒಲೆ ಹಚ್ಚುವವರೆಗೂ ಕೆಂಪಕ್ಕನದೇ.