ಮಳೆ ಡಬ್ಬಿಗೆ ಹಾಕಿದ ಮಾಡು

ಕೆಳಗಿನಕೋಡಿ ಎಂಬ ಊರಿನಲ್ಲಿ ಮಾಸ್ತಮ್ಮ ಎಂಬವಳಿದ್ದಳು. ಅವಳಿಗೆ ಸಿಟ್ಟು ಬಂದರೆ ಒಲೆ ಹೊತ್ತಿಸಲು ಬೆಂಕಿಪೊಟ್ಟಣ ಬೇಡ ಎಂದು ಊರವರು ಹೇಳುತ್ತಿದ್ದರು. ಇದು ಸ್ವಲ್ಪ ಹೆಚ್ಚಾಯಿತು. ಒಂದು ಕಡ್ಡಿ ಬೇಕಾಗುತ್ತಿತ್ತು.

ಹೊಳೆ ಸಮುದ್ರಕ್ಕೆ ಸೇರುವ ಕಡೆ ಆ ಊರು. ಹೊಳೆಗೆ ಅಡ್ಡವಾಗಿ ಒಂದು ಕಿಂಡಿ ಅಣೆಕಟ್ಟು. ಬೇಸಿಗೆಯಲ್ಲಿ ಕಿಂಡಿಗಳಿಗೆ ಹಲಗೆ ಇಳಿಸುತ್ತಾರೆ. ಆಗ ಸಮುದ್ರದ ಉಪ್ಪುನೀರು ಆಚೆ, ಹೊಳೆಯ ಸಿಹಿನೀರು ಈಚೆ. ಮಳೆ ಹಿಡಿದ ಮೇಲೆ ಹಲಗೆ ಎತ್ತಬೇಕು. ಅವಸರ ಮಾಡಿ ಎತ್ತಿದರೆ, ಮಳೆಯೂ ಕೈಕೊಟ್ಟರೆ, ಉಬ್ಬರದ ಉಪ್ಪುನೀರು ಒಳಗೆ ಬಂದು ಅಗೆಯನ್ನು ಸುಡುತ್ತದೆ. ತಡ ಮಾಡಿದರೆ ಹೊಳೆ ಏರಿ ಅದೇ ಅಗೆಯನ್ನು ಕೊಳೆಸುತ್ತದೆ. ಅಗೆ ಎಂದರೆ ನಾಟಿಗೆಂದು ಎಬ್ಬಿಸಿದ ಭತ್ತದ ಸಸಿ. ಅದು ಹೋದರೆ ವರ್ಷದ ಅನ್ನ ಹೋಯಿತು. ಮಾಸ್ತಮ್ಮನ ಗದ್ದೆ ಅಣೆಕಟ್ಟಿನ ಬುಡದಲ್ಲೇ, ಊರಿಗೆಲ್ಲ ತಗ್ಗಿನದು. ಹೊಳೆ ಏರಿದರೆ ಮೊದಲು ಬಂದು ತಟ್ಟುವುದು ಅವಳ ಅಗೆಯ ಕದವನ್ನು.

ಹಾಗಾದರೆ ಹಲಗೆ ಯಾವಾಗ ಎತ್ತುವುದು? ಹಿಂದೆ ಅದನ್ನು ಹೇಳುತ್ತಿದ್ದದ್ದು ಒಂದು ಮೊಣಕಾಲು. ಹಲಗೆ ಕಮಿಟಿಯ ಅಧ್ಯಕ್ಷ ಪರಮಯ್ಯನ ಎಡ ಮೊಣಕಾಲು. ಅದು ನೋಯಲು ಶುರುವಾದರೆ ಮಳೆ ಹಿಡಿಯಿತು ಎಂದು ಲೆಕ್ಕ. ಒಂದು ವರ್ಷ ಆತ ಮಾವಿನಮರದಿಂದ ಬಿದ್ದು ಮೊಣಕಾಲು ನೋವಾಗಿ, ಬಿಸಿಲಿನಲ್ಲೇ ಹಲಗೆ ಎತ್ತಿಸಿದ. ಊರಿನ ಅಗೆಯೆಲ್ಲ ಉಪ್ಪಿಗೆ ಸುಟ್ಟುಹೋಯಿತು.

ಆ ವರ್ಷ ಸಭೆಯಲ್ಲಿ ಮಾಸ್ತಮ್ಮ ಎದ್ದು ನಿಂತಳು. "ನಿಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಿ ಪರಮಣ್ಣ. ನಮ್ಮ ಅನ್ನ ಅದರ ಮೇಲೆ ಇಡಬೇಡಿ."

ಅವಳು ಕಾಡಿ ಬೇಡಿ, ಕೊನೆಗೆ ಬೈದು, ಊರಿಗೆ ಒಂದು ಮಳೆಮಾಪಕ ತರಿಸಿದಳು. ಊರವರು ಅದಕ್ಕೆ ಮಳೆ ಡಬ್ಬಿ ಎಂದು ಹೆಸರಿಟ್ಟರು. ಬಯಲಿನ ನಡುವೆ ಕಟ್ಟೆ, ಕಟ್ಟೆಯ ಮೇಲೆ ಡಬ್ಬಿ, ಡಬ್ಬಿಯ ಬಾಯಿಗೆ ಆಲಿಕೆ, ಒಳಗೆ ಗೀರು ಹಾಕಿದ ಗಾಜಿನ ಜಾಡಿ. ದಿನಾ ಬೆಳಿಗ್ಗೆ ಶಾಂತಾರಾಮ ಮಾಸ್ತರು ನೋಡಿ ಹೇಳುವುದು. ಜಾಡಿಯ ನೀರು ಕೆಂಪು ಗೀರು ಮುಟ್ಟಿದ ದಿನ ಹಲಗೆ ಎತ್ತುವುದು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಹಲಗೆಗಳಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ, ಪಟ್ಟಿಗೆ ಬೀಗ, ಕೀಲಿಕೈ ಪರಮಯ್ಯನ ಉಡಿದಾರದಲ್ಲಿ. ಈ ನಿಯಮ ಮಾಡಿಸಿದವಳೂ ಮಾಸ್ತಮ್ಮನೇ.

ಕೆಲವು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಅಗೆ ಸುಡಲಿಲ್ಲ, ಕೊಳೆಯಲಿಲ್ಲ. ಜಗಳವಿಲ್ಲದೆ ಊರಿಗೆ ಬೇಜಾರು ಬಂತು.

ಈಗ ಆ ಕಡೆಯ ಒಂದು ಪದ್ಧತಿ ಹೇಳಬೇಕು. ಮಳೆಗಾಲದ ಮುಂಚೆ ಅಲ್ಲಿ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿ, ನೆನೆಯಬಾರದ್ದಕ್ಕೆಲ್ಲ ಕಟ್ಟುತ್ತಾರೆ. ಜಗಲಿಗೆ ತಟ್ಟಿ, ಕೊಟ್ಟಿಗೆಗೆ ತಟ್ಟಿ, ಸೌದೆ ರಾಶಿಗೆ ತಟ್ಟಿ, ಬಚ್ಚಲ ಒಲೆಗೆ ತಟ್ಟಿ. ಕದಲದೆ ನಿಂತ ಅಜ್ಜನಿಗೂ ಒಮ್ಮೆ ಕಟ್ಟಿದ್ದರಂತೆ. ಅಜ್ಜ ಸೀನಿದ ಮೇಲೆ ಬಿಚ್ಚಿದರು. ಯಾವುದರ ಮೇಲೆ ಪ್ರೀತಿಯೋ ಅದರ ಮೇಲೆ ಹನಿ ಬೀಳಬಾರದು. ಇದು ಆ ಊರಿನ ರಕ್ತದಲ್ಲೇ ಇತ್ತು.

ಒಂದು ಬೇಸಿಗೆಯ ಕೊನೆಗೆ ಪರಮಯ್ಯ ಡಬ್ಬಿಯ ಮುಂದೆ ನಿಂತು ಕಣ್ಣು ಒದ್ದೆ ಮಾಡಿಕೊಂಡ. "ಊರಿಗೆ ಇಷ್ಟು ಉಪಕಾರ ಮಾಡಿದ ಡಬ್ಬಿ. ವರ್ಷ ವರ್ಷ ಮಳೆಯಲ್ಲಿ ನೆನೀತದೆ ಪಾಪ. ನಾವು ಮನುಷ್ಯರಾ ಎಂತದು?"

ಎಲ್ಲರಿಗೂ ನಾಚಿಕೆಯಾಯಿತು. ಹೌದಲ್ಲ, ಇಷ್ಟು ದಿನ ತಲೆಗೆ ಹೊಳೆಯಲೇ ಇಲ್ಲ!

ನೀವು ನಗುತ್ತಿದ್ದೀರಿ. ಆ ಊರಿನಲ್ಲಿ ಒಬ್ಬರೂ ನಗಲಿಲ್ಲ. ಪರಮಯ್ಯ ಮುಂದೆ ನಿಂತು ನಾಲ್ಕು ಕಂಬ ನೆಡಿಸಿದ, ಮೇಲೆ ತಗಡಿನ ಶೀಟಿನ ಮಾಡು ಹೊದಿಸಿದ, ತನ್ನ ಹೆಸರಿನ ಹಲಗೆ ತೂಗಿಸಿದ. ಹೆಸರು ಎಷ್ಟು ದೊಡ್ಡದಿತ್ತೆಂದರೆ ಮೀನುಗಾರರು ಸಮುದ್ರದಿಂದಲೇ ಓದುತ್ತಿದ್ದರು. ಇರಚಲು ಹೊಡೆಯಬಾರದೆಂದು ಸುತ್ತಲೂ ಮಡಲ ತಟ್ಟಿ ಕಟ್ಟಿದರು. ತಟ್ಟಿ ಹೆಣೆದವಳು ಮಾಸ್ತಮ್ಮ. ಗಾಳಿಗೆ ಬಿಚ್ಚದ ಗಂಟು ಹಾಕುವುದು ಊರಿನಲ್ಲಿ ಅವಳಿಗೊಬ್ಬಳಿಗೇ ಬರುತ್ತಿತ್ತು. ಉದ್ಘಾಟನೆಯ ದಿನ ಪಾನಕ, ಕೋಸಂಬರಿ ಹಂಚಿದರು. ಮಾಸ್ತಮ್ಮ ಕೋಸಂಬರಿಯನ್ನು ಎರಡನೆಯ ಸಲವೂ ಹಾಕಿಸಿಕೊಂಡಳು.

ಮೃಗಶಿರ ಮಳೆ ಬಂತು. ಬಂತು ಎಂದರೆ ಸಾಲದು, ಆಕಾಶವನ್ನು ಯಾರೋ ಬುಡಮೇಲು ಮಾಡಿದ ಹಾಗೆ ಸುರಿಯಿತು. ಹೊಳೆ ಕೆಂಪಾಯಿತು, ಅಣೆಕಟ್ಟಿನ ಹಿಂದೆ ಉಬ್ಬಿತು. ಶಾಂತಾರಾಮ ಮಾಸ್ತರು ಕೊಡೆ ಹಿಡಿದು, ಪಂಚೆ ಎತ್ತಿ, ಮೊಣಕಾಲುದ್ದ ನೀರಿನಲ್ಲಿ ನಡೆದುಹೋಗಿ ಡಬ್ಬಿ ನೋಡಿ ಬಂದರು.

"ಇಲ್ಲ."

"ಎಂತ ಇಲ್ಲ?" ಎಂದಳು ಮಾಸ್ತಮ್ಮ.

"ಮಳೆ."

ಹೀಗೆ ಒಂದು ದಿನವಲ್ಲ, ದಿನಾ. ಮಾಸ್ತಮ್ಮನ ಅಗೆಯ ಬದುವಿಗೆ ಹೊಳೆ ನಾಲಿಗೆ ಚಾಚಿತು. ಅವಳಿಗೆ ಮಾಸ್ತರ ಮೇಲೆ ಸಿಟ್ಟು ಬಂತು. "ನೀವು ನೋಡ್ತೀರೋ, ಕುಡಿದುಬಿಡ್ತೀರೋ?" ಎಂದು ಕೇಳಿಯೇಬಿಟ್ಟಳು. ಮಾಸ್ತರಿಗೂ ಸಿಟ್ಟು ಬಂತು. "ಬಾ ಮಾರಾಯ್ತಿ, ನೀನೇ ನೋಡು ಬಾ. ಜೀವನದಲ್ಲಿ ಒಂದು ಸುಳ್ಳು ಹೇಳಿದವನಲ್ಲ ನಾನು."

ಇಬ್ಬರೂ ತಟ್ಟಿಯ ಸಂದಿಯಲ್ಲಿ ನುಸುಳಿ ಮಾಡಿನ ಕೆಳಗೆ ಹೊಕ್ಕರು. ಮೇಲೆ ಶೀಟಿನ ಮೇಲೆ ಮಳೆ ಕಲ್ಲು ಸುರಿದಂತೆ ಬಡಿಯುತ್ತಿತ್ತು. ಮಾಸ್ತರು ಜಾಡಿ ತೆಗೆದು ತೋರಿಸಿ ಬಾಯಿ ಆಡಿಸಿದರು.

"ಎಂತ? ಕೇಳೂದಿಲ್ಲ!" ಎಂದು ಅವಳು ಕೂಗಿದಳು.

"ಮಳೆ ಇಲ್ಲ ಅಂದೆ!"

"ಜೋರಾಗಿ ಹೇಳಿ! ಮಳೆ ಶಬ್ದಕ್ಕೆ ಎಂತದೂ ಕೇಳ್ತಿಲ್ಲ!"

"ಮಳೆ! ಇಲ್ಲ! ಒಂದು ಹನಿ ಇಲ್ಲ!"

ಮಾಸ್ತಮ್ಮ ಸೆರಗು ಹಿಂಡುತ್ತಾ, "ಅಬ್ಬ, ಇಲ್ಲಾದರೂ ಒಣಗಿದ ಜಾಗ ಉಂಟು" ಎಂದಳು. ಹಾಗೆಂದವಳು ಬಾಯಿ ತೆರೆದಂತೆಯೇ ನಿಂತಳು. ನಿಧಾನಕ್ಕೆ ತಲೆ ಎತ್ತಿ ಮೇಲೆ ನೋಡಿದಳು. ಮಾಸ್ತರೂ ನೋಡಿದರು. ಮೇಲೆ ಶೀಟು ಇತ್ತು.

ಅವಳು ಅಲ್ಲಿಂದ ಪರಮಯ್ಯನ ಮನೆಗೆ ಓಡಿದಳು. ಆತ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಿದ್ದ.

"ಪರಮಣ್ಣ, ಮಾಡು ತೆಗೆಸಿ! ಡಬ್ಬಿಗೆ ಮಳೆಯೇ ಬೀಳ್ತಾ ಇಲ್ಲ!"

"ಬೀಳಬಾರದು ಅಂತಲೇ ಹಾಕಿದ್ದಲ್ವಾ?"

"ಮಳೆ ಬೀಳದೆ ಅದು ಅಳೆಯೂದು ಹೇಗೆ?"

ಪರಮಯ್ಯ ಹಪ್ಪಳ ಮುರಿದ. ಅವನಿಗೆ ಅರ್ಥವಾಗಿತ್ತು. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು, ಆದರೆ ಅರ್ಥವಾದದ್ದು ಅವನ ಮುಖದಲ್ಲಿ ಒಂದು ಗಳಿಗೆ ಕಂಡಿತು. ಆಮೇಲೆ ಅವನಿಗೆ ತೂಗುವ ಹೆಸರಿನ ಹಲಗೆ ನೆನಪಾಯಿತು.

"ನೋಡು ಮಾಸ್ತಕ್ಕ. ಉದ್ಘಾಟನೆ ಆದದ್ದನ್ನು ಕಿತ್ತರೆ ಊರಿನ ಮರ್ಯಾದೆ ಎಂತಾಗ್ತದೆ? ಮಳೆಗಾಲ ಮುಗೀಲಿ, ಸಭೆ ಕರೆಯುವ."

"ಮಳೆಗಾಲ ಮುಗಿಯೂದ್ರೊಳಗೆ ನಾನು ಮುಗೀತೇನೆ! ಹಲಗೆಯಾದ್ರೂ ಎತ್ತಿ. ಹೊರಗೆ ನೋಡಿ, ಬಾವಿ ತುಂಬಿ ಕೊಡಪಾನ ತೇಲ್ತಾ ಉಂಟು!"

"ಮಳೆ ಬಂದ ಹಾಗೆ ನಿನಗೆ ಅನಿಸಬಹುದು. ಅನಿಸಿದ್ದಕ್ಕೆಲ್ಲ ಹಲಗೆ ಎತ್ತಲಿಕ್ಕೆ ಆಗ್ತದಾ? ಮೊಣಕಾಲು ಬೇಡ, ಡಬ್ಬಿ ಹೇಳಿದ ಹಾಗೆ ನಡೀಬೇಕು ಅಂತ ನೀನೇ ಅಲ್ವಾ ಹೇಳಿದ್ದು?" ಎಂದು ಪರಮಯ್ಯ ಮೊಣಕಾಲು ಸವರಿಕೊಂಡ. "ಹಾಗೆ ನೋಡಿದರೆ ಇದು ಮೊನ್ನೆಯಿಂದ ಜೋರು ನೋಯ್ತಾ ಉಂಟು. ಆದರೆ ಯಾರು ಕೇಳ್ತಾರೆ?"

ತನ್ನ ಮಾತೇ ತನ್ನ ಕುತ್ತಿಗೆಗೆ ಹಗ್ಗವಾಗಿ ಬಂದಾಗ ಬರುವ ಸಿಟ್ಟಿಗೆ ಹೆಸರಿಲ್ಲ. ಮಾಸ್ತಮ್ಮ ಊರೆಲ್ಲ ಸುತ್ತಿದಳು. ಒಬ್ಬೊಬ್ಬರೂ ಕೊಡೆಯ ಕೆಳಗೆ ನಿಂತು ಹೌದೌದು ಎಂದರು. "ಹೌದು, ಮಾಡು ತೆಗೀಬೇಕು. ಆದರೆ ಪರಮಯ್ಯನಿಗೆ ಬೇಜಾರಾದೀತು." ಅವಳ ಅಗೆ ಕೊಳೆಯುವುದು ಯಾರಿಗೂ ಬೇಡವಾಗಿತ್ತು. ಪರಮಯ್ಯನಿಗೆ ಬೇಜಾರಾಗುವುದು ಅದಕ್ಕಿಂತಲೂ ಬೇಡವಾಗಿತ್ತು.

ಆ ನಡುವೆ ಶೀಟಿನ ಮೊಳೆ ತೂತಿನಿಂದ ಡಬ್ಬಿಗೆ ಒಂದು ಹನಿ ಬಿತ್ತು. ಮಾಸ್ತರು ಓಡೋಡಿ ಬಂದು ಸುದ್ದಿ ಹೇಳಿದರು. ಮಧ್ಯಾಹ್ನದೊಳಗೆ ಪರಮಯ್ಯ ಆ ತೂತಿಗೆ ಟಾರು ಬಳಿಸಿದ.

ಇನ್ನೊಂದು ಕಡೆ, ಡಬ್ಬಿಯ ಲೆಕ್ಕ ಮೇಲಿನ ಅಧಿಕಾರಿಗಳಿಗೆ ಹೋಗುತ್ತಿತ್ತು. ಕೆಳಗಿನಕೋಡಿಯಲ್ಲಿ ಹನಿ ಮಳೆಯಿಲ್ಲ ಎಂದು ಓದಿ ಅಲ್ಲಿ ಯಾರದೋ ಕರುಳು ಚುರಕ್ಕೆಂದಿತು. ಕುಡಿಯುವ ನೀರಿನ ಟ್ಯಾಂಕರ್ ಕಳಿಸಿಬಿಟ್ಟರು. ಅದು ಊರಿನ ತಿರುವಿನಲ್ಲಿ ನೆರೆಯ ನೀರಿಗೆ ಸಿಕ್ಕಿ ನಿಂತಿತು. ಡ್ರೈವರ್ ಟ್ಯಾಂಕಿನ ಮೇಲೆ ಹತ್ತಿ ಕೂತು, "ಯಾರಾದ್ರೂ ನನ್ನನ್ನು ದಾಟಿಸಿ ಮಾರಾಯ್ರೇ!" ಎಂದು ಬೊಬ್ಬೆ ಹೊಡೆಯುತ್ತಿದ್ದ. ಬೇಕಾದರೆ ಇದೊಂದನ್ನು ನಂಬಬೇಡಿ. ಉಳಿದದ್ದನ್ನು ನಂಬಿ.

ಮರುದಿನ ಬೆಳಿಗ್ಗೆ ಮಾಸ್ತಮ್ಮ ಗದ್ದೆಗೆ ಹೋದಾಗ ಗದ್ದೆ ಇರಲಿಲ್ಲ. ಬದುವಿನಿಂದ ಬದುವಿಗೆ ಕೆಂಪು ನೀರು. ಅವಳು ಇಳಿದು ಕೈ ಹಾಕಿ ಒಂದು ಹಿಡಿ ಅಗೆ ಎತ್ತಿದಳು. ಬೇರಿನ ಕಡೆ ಮೆತ್ತಗೆ, ಲೋಳೆ ಲೋಳೆಯಾಗಿ ಕೈಗೆ ಅಂಟಿತು. ಅವಳು ಅಳಲಿಲ್ಲ. ಮನೆಗೆ ಹೋಗಿ ಕತ್ತಿ ತೆಗೆದುಕೊಂಡು ಹೊರಟಳು.

ಮಾಸ್ತಮ್ಮ ಕತ್ತಿ ಹಿಡಿದು ಹೊರಟಿದ್ದಾಳೆ ಎಂಬ ಸುದ್ದಿ ಮಳೆಗಿಂತ ಜೋರಾಗಿ ಊರು ಸುತ್ತಿತು. ಜನ ಬಯಲಿಗೆ ಓಡಿ ಬಂದರು. ಪರಮಯ್ಯನೂ ಬಂದ, ಕೊಡೆ ಹಿಡಿದು, ಜನರ ಹಿಂದೆ.

ಅವಳು ಮಾಡಿನ ಸುತ್ತಲಿನ ತಟ್ಟಿಗೆ ಕತ್ತಿ ಬೀಸಿದಳು. ತಟ್ಟಿ ಬಿಚ್ಚಲಿಲ್ಲ. ಮತ್ತೆ ಬೀಸಿದಳು. ಗಂಟು ಜಗ್ಗಲಿಲ್ಲ. "ಯಾವ ಹಾಳಾದವರು ಕಟ್ಟಿದ್ದು ಇದನ್ನ!" ಎಂದು ಕೂಗಿ, ಬಗ್ಗಿ ಗಂಟನ್ನು ಹತ್ತಿರದಿಂದ ನೋಡಿದಳು.

ಗಾಳಿಗೆ ಬಿಚ್ಚದ ಗಂಟು. ಅವಳದೇ.

ಒಂದು ಗಳಿಗೆ ಅವಳು ಹಾಗೇ ಕೂತುಬಿಟ್ಟಳು. ಕೋಸಂಬರಿಯ ರುಚಿ ಬಾಯಿಗೆ ಬಂತು. ಆಮೇಲೆ ಕತ್ತಿ ಕೆಳಗಿಟ್ಟು, ತಾನು ಕಟ್ಟಿದ್ದನ್ನು ತನ್ನ ಬೆರಳಿನಿಂದಲೇ ಒಂದೊಂದಾಗಿ ಬಿಚ್ಚಿದಳು. ಎದ್ದು ಜನರ ಕಡೆ ತಿರುಗಿದಳು.

"ತಟ್ಟಿ ನಾನು ಕಟ್ಟಿದ್ದು. ನಾನೇ ಬಿಚ್ಚಿದೆ. ಶೀಟು ಹೊತ್ತವರು ಯಾರು? ಕಂಬ ನೆಟ್ಟವರು ಯಾರು? ಚಪ್ಪಾಳೆ ಹೊಡೆದವರು ಯಾರು? ಬನ್ನಿ ಈಚೆ. ಪಾನಕ ಕುಡೀಲಿಕ್ಕೆ ಮುಂದೆ ಬಂದ್ರಲ್ಲ, ಈಗ್ಯಾಕೆ ಹಿಂದೆ ಸರೀತೀರಿ?"

ಮೊದಲು ಬಂದವರು ಶಾಂತಾರಾಮ ಮಾಸ್ತರು. ಆಮೇಲೆ ಕಂಬ ನೆಟ್ಟವರು ಬಂದರು. ಶೀಟು ಜಾರಿ ಕೆಸರಿಗೆ ಬಿತ್ತು, ಅದರ ಮೇಲೆ ಹೆಸರಿನ ಹಲಗೆ ಬಿತ್ತು. ಡಬ್ಬಿಯ ಮೇಲೆ ಮಳೆ ಬಿತ್ತು. ಎಲ್ಲರೂ ನೆನೆಯುತ್ತಾ ನಿಂತು, ಜಾಡಿಯಲ್ಲಿ ನೀರು ಒಂದೊಂದೇ ಗೀರು ಹತ್ತುವುದನ್ನು ನೋಡಿದರು. ಊಟದ ಹೊತ್ತಿಗೆ ಮಾಸ್ತರು ಕನ್ನಡಕ ಒರೆಸಿ, ಬಗ್ಗಿ ನೋಡಿ ಹೇಳಿದರು: "ಕೆಂಪು ಗೀರು ದಾಟಿತು."

ಪರಮಯ್ಯ ಉಡಿದಾರದಿಂದ ಕೀಲಿಕೈ ಬಿಚ್ಚಿ ಕೊಟ್ಟ. ಕೊಡದೆ ಉಪಾಯವಿರಲಿಲ್ಲ. ಹಲಗೆ ಎತ್ತಿದರು. ಹೊಳೆ ಘರ್ಜಿಸುತ್ತಾ ಸಮುದ್ರಕ್ಕೆ ನುಗ್ಗಿತು. ನೀರು ಇಳಿದ ಮೇಲೆ ಮೇಲಿನ ಗದ್ದೆಗಳ ಅಗೆ ತಲೆ ಎತ್ತಿ ನಿಂತಿತು. ಮಾಸ್ತಮ್ಮನ ಗದ್ದೆಯಲ್ಲಿ ಕೆಸರು ಮಾತ್ರ ಇತ್ತು.

ಪರಮಯ್ಯ ಕೊಡೆಯ ಕೆಳಗಿನಿಂದ ಗಂಟಲು ಸರಿಮಾಡಿಕೊಂಡ. "ಆದದ್ದು ಆಯಿತು ಮಾಸ್ತಕ್ಕ. ಬರುವ ವರ್ಷ ಗಾಜಿನ ಮಾಡು ಹಾಕುವ. ಡಬ್ಬಿಗೆ ಮಳೆ ಕಾಣ್ತದೆ."

ಮಾಸ್ತಮ್ಮ ಬೈಯಲಿಲ್ಲ. ಅವಳು ಬೈಯದೇ ಇದ್ದದ್ದು ಕಂಡು ಜನ ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಹತ್ತಿರ ಹೋಗಿ, ಪರಮಯ್ಯನ ಕೈಯಿಂದ ಕೊಡೆ ತೆಗೆದುಕೊಂಡು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು.

"ಮೊದಲು ನೀವು ನೆನೀರಿ. ಆಮೇಲೆ ಮಳೆ ಬಂತೋ ಇಲ್ಲವೋ ಹೇಳಿ."

ಪರಮಯ್ಯ ನಿಂತ. ಮಳೆ ಅವನ ತಲೆಯಿಂದ ಇಳಿದು, ಮೂಗಿನಿಂದ ಇಳಿದು, ಆ ಹೆಸರಾಂತ ಮೊಣಕಾಲಿನಿಂದ ಇಳಿಯಿತು. ಆಮೇಲೆ ಸಣ್ಣ ಧ್ವನಿಯಲ್ಲಿ, "ಬಂತು" ಎಂದ.

"ಜೋರಾಗಿ."

"ಬಂತು ಮಾರಾಯ್ತಿ! ಮಳೆ ಬಂತು!"

ನಾಟಿಯ ಹೊತ್ತಿಗೆ ಮೇಲಿನ ಗದ್ದೆಯವರು ತಮಗೆ ಉಳಿದ ಅಗೆಯನ್ನು ಕಟ್ಟುಕಟ್ಟಾಗಿ ತಂದು ಅವಳ ಬದುವಿನ ಮೇಲೆ ಇಟ್ಟು ಹೋದರು. ಅವಳು ಉಪಕಾರವಾಯಿತು ಎನ್ನಲಿಲ್ಲ. ಅವರೂ ಅದನ್ನು ಕೇಳಲು ನಿಲ್ಲಲಿಲ್ಲ. ಆ ಅಗೆ ಅವಳ ಅರ್ಧ ಗದ್ದೆಗೆ ಸಾಕಾಯಿತು. ಉಳಿದ ಅರ್ಧ ಆ ವರ್ಷ ಖಾಲಿ ಬಿತ್ತು, ಊರಿನವರೆಲ್ಲ ದಿನಾ ಓಡಾಡುವ ದಾರಿಯ ಪಕ್ಕದಲ್ಲೇ.

ಈಗಲೂ ಮಳೆಗಾಲದ ಮುಂಚೆ ಕೆಳಗಿನಕೋಡಿಯಲ್ಲಿ ಎಲ್ಲದಕ್ಕೂ ತಟ್ಟಿ ಕಟ್ಟುತ್ತಾರೆ. ಮಳೆ ಡಬ್ಬಿ ಮಾತ್ರ ಬಯಲಿನಲ್ಲಿ ಬೋಳಾಗಿ ನಿಂತಿರುತ್ತದೆ. ಕೈಯಲ್ಲಿ ಮಡಲು ಹಿಡಿದವರು ಆ ಬಯಲನ್ನು ಬಳಸಿಕೊಂಡು ದೂರದಿಂದ ಹೋಗುತ್ತಾರೆ. ಮಾಸ್ತಮ್ಮನ ಜಗಲಿಯಿಂದ ಬಯಲು ಚೆನ್ನಾಗಿ ಕಾಣುತ್ತದೆ.

ನೀತಿ: ನಿಜ ಹೇಳಬೇಕಾದದ್ದನ್ನು ಗೌರವದ ನೆಪದಲ್ಲಿ ಮುಚ್ಚಿಡಬೇಡಿ. ಮಳೆ ಅಳೆಯುವಂಥದ್ದು ನೆನೆಯಲೇಬೇಕು. ಮುಚ್ಚಿದವರ ಮೇಲೆ ಸಿಟ್ಟು ಬಂದರೆ ಬರಲಿ, ಅದು ನ್ಯಾಯವೇ. ಆದರೆ ಕತ್ತಿ ಬೀಸುವ ಮೊದಲು ಗಂಟು ಯಾರದೆಂದು ಬಗ್ಗಿ ನೋಡಿ. ನಿಮ್ಮದಾಗಿದ್ದರೆ ಮೊದಲು ಅದನ್ನು ಬಿಚ್ಚಿ. ಆಮೇಲೆ ಧೈರ್ಯವಾಗಿ ಇನ್ನೊಬ್ಬರ ಕೊಡೆ ಕಿತ್ತುಕೊಳ್ಳಿ.